ಕಲ್ವ್‌ನ ಜಮೆ, ಮಂಗಳೂರಿನ ಬಾಕಿ

ಯಾವುದೇ ಸಂಘದ ಲೆಕ್ಕ ನೋಡಲು ಕೂತಾಗ ನಾನು ಮೊದಲು ತೆರೆಯುವುದು ಜಮಾ-ಖರ್ಚಿನ ಪುಟವನ್ನಲ್ಲ, ನಿಯಮಾವಳಿಯ ಉದ್ದೇಶದ ಪುಟವನ್ನು. ಸಂಘ ಯಾವ ಕೆಲಸಕ್ಕೆಂದು ಹುಟ್ಟಿತು ಎಂಬುದು ಗೊತ್ತಿಲ್ಲದೆ ಹಣ ಸರಿಯಾಗಿ ಖರ್ಚಾಯಿತೋ ಇಲ್ಲವೋ ಎಂದು ಹೇಳುವುದು ಹೇಗೆ? ನಾನಿರುವ ಜರ್ಮನಿಯಲ್ಲಿ ಸಂಘವೊಂದು ನೋಂದಣಿಯಾಗಲು ಕನಿಷ್ಠ 7 ಜನ ಬೇಕು. ನಮ್ಮ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆ ಕೇಳುವುದೂ 7 ಜನರನ್ನೇ. ತೆರಿಗೆ ವಿನಾಯಿತಿ ಬೇಕಾದರೆ ಮಾತ್ರ ಇಲ್ಲಿ ಇನ್ನೊಂದು ಹೆಜ್ಜೆ ಇದೆ. ಸಾರ್ವಜನಿಕ ಹಿತದ ಕೆಲಸಗಳೆಂದು ತೆರಿಗೆ ಕಾನೂನು ಒಂದು ಪಟ್ಟಿ ಕೊಟ್ಟಿದೆ. ಸಂಘದ ಉದ್ದೇಶ ಆ ಪಟ್ಟಿಯೊಳಗೆ ಕೂರಬೇಕು. ಕಲೆ ಮತ್ತು ಸಂಸ್ಕೃತಿಯ ಪೋಷಣೆ ಅದರಲ್ಲಿ ಒಂದು. ಬೇರೆ ಬೇರೆ ನಾಡಿನ ಜನರು ಒಬ್ಬರನ್ನೊಬ್ಬರು ತಿಳಿದುಕೊಳ್ಳುವಂತೆ ಮಾಡುವುದು ಇನ್ನೊಂದು. ಅಂದರೆ ನಾವು ಭಾಷಣದಲ್ಲಿ ‘ಸಾಂಸ್ಕೃತಿಕ ವಿನಿಮಯ’ ಎಂದು ಹಗುರಾಗಿ ಆಡುವ ಮಾತು ಇಲ್ಲಿ ತೆರಿಗೆ ಅಧಿಕಾರಿಯ ಮುಂದೆ ಉತ್ತರ ಹೇಳಬೇಕಾದ ಮಾತು.

‘ವಿನಿಮಯ’ ಎಂಬ ಪದ ನನ್ನ ವೃತ್ತಿಯದೂ ಹೌದು. ಜೋಡಿ ನಮೂದು ಪದ್ಧತಿಯಲ್ಲಿ ಎರಡು ಬದಿ ಇಲ್ಲದ ವ್ಯವಹಾರವೇ ಇಲ್ಲ. ಒಬ್ಬರು ಕೊಟ್ಟರೆ ಇನ್ನೊಬ್ಬರು ಪಡೆದಿರಬೇಕು, ಎರಡೂ ಕಡೆ ಬರೆದಿರಬೇಕು. ಈ ಅಳತೆಗೋಲು ಹಿಡಿದು ಒಂದು ಸಾಹಿತ್ಯ ಸಂಘವನ್ನು ನೋಡುವುದು ಈ ಬರಹದ ಉದ್ದೇಶ. ಸಾಹಿತಿಗಳು ನೋಡುವ ರೀತಿ ಬೇರೆ ಇರಬಹುದು, ಬಿ.ಕಾಂ. ಓದಿ ಸಿ.ಎ. ಮಾಡಿದವನಿಗೆ ತಿಳಿದಿರುವ ರೀತಿ ಇದು. ಸಂಘ ಇರುವುದು ಕಲ್ವ್ ಎಂಬ ಊರಿನಲ್ಲಿ. ಅಲ್ಲಿಯವರ ಬಾಯಲ್ಲಿ ಅದು ‘ಕಲ್ಫ್’ ಆಗುತ್ತದೆ. ಸ್ಟುಟ್‌ಗಾರ್ಟ್‌ಗೆ ಪಶ್ಚಿಮದಲ್ಲಿ, ಕಪ್ಪು ಕಾಡಿನ ಅಂಚಿನಲ್ಲಿ, ನಾಗೋಲ್ಡ್ ಎಂಬ ಚಿಕ್ಕ ಹೊಳೆಯ ದಡದಲ್ಲಿರುವ ಪಟ್ಟಣ. ಹಿಂದೆ ಚರ್ಮ ಹದ ಮಾಡುವವರ, ಬಟ್ಟೆ ವ್ಯಾಪಾರಿಗಳ ಊರು. 1877ರ ಜುಲೈ 2ರಂದು ಹೆರ್ಮನ್ ಹೆಸ್ಸೆ ಹುಟ್ಟಿದ್ದು ಇಲ್ಲಿ, ಮಾರುಕಟ್ಟೆ ಚೌಕದ ಒಂದು ಮನೆಯಲ್ಲಿ.

ಹೆಸ್ಸೆ ತನ್ನ ಕತೆಗಳಲ್ಲಿ ಈ ಊರಿಗೆ ‘ಗೆರ್ಬರ್ಸೌ’ ಎಂದು ಹೆಸರಿಟ್ಟ. ಚರ್ಮ ಹದ ಮಾಡುವವರ ನೆನಪು ಆ ಹೆಸರಿನಲ್ಲೇ ಇದೆ. ಊರಿಗೂ ಅವನಿಗೂ ಎಂದೂ ಸಲೀಸಾದ ಸಂಬಂಧವಿರಲಿಲ್ಲ. ಮೌಲ್‌ಬ್ರೋನ್ನಿನ ಧಾರ್ಮಿಕ ಶಾಲೆಯಿಂದ ಓಡಿಹೋದ ಹುಡುಗ, ಊರಿಗೆ ಮರಳಿ ಗೋಪುರ ಗಡಿಯಾರಗಳ ಕಾರ್ಖಾನೆಯಲ್ಲಿ ಕೆಲಸ ಕಲಿತ, ಆಮೇಲೆ ಟ್ಯೂಬಿಂಗೆನ್ನಿನ ಪುಸ್ತಕದಂಗಡಿ ಸೇರಿದ. ಕೊನೆಗೆ ಸ್ವಿಟ್ಜರ್ಲೆಂಡಿನ ಪ್ರಜೆಯಾಗಿ 1962ರಲ್ಲಿ ಅಲ್ಲೇ ತೀರಿಕೊಂಡ. 1946ರ ನೊಬೆಲ್ ಬಂದಾಗ ಅವನು ಕಲ್ವ್ ಬಿಟ್ಟು ದಶಕಗಳೇ ಆಗಿದ್ದವು. ಊರು ಬಿಟ್ಟುಹೋದ ಮಗನನ್ನು ಊರು ಆಮೇಲೆ ತನ್ನವನೆಂದು ಎತ್ತಿಕೊಳ್ಳುವುದು ನಮಗೇನು ಹೊಸದಲ್ಲ.

ಈ ಊರು ಎತ್ತಿಕೊಂಡ ರೀತಿಯನ್ನು ಮೆಚ್ಚಬೇಕು. 1977ರಲ್ಲಿ, ಹೆಸ್ಸೆ ಹುಟ್ಟಿ ನೂರು ವರ್ಷವಾದಾಗ, ಅಂತರರಾಷ್ಟ್ರೀಯ ವಿಚಾರಗೋಷ್ಠಿಯ ಪರಿಪಾಠ ಶುರುವಾಯಿತು. 2002ರಲ್ಲಿ, ನೂರಿಪ್ಪತ್ತೈದನೆಯ ವರ್ಷದಲ್ಲಿ, ಅಂತರರಾಷ್ಟ್ರೀಯ ಹೆರ್ಮನ್ ಹೆಸ್ಸೆ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಹಳೆಯ ಸೇತುವೆಯ ಮೇಲೆ ಆಳೆತ್ತರದ ಕಂಚಿನ ಹೆಸ್ಸೆಯೂ ಬಂದು ನಿಂತ. ಬೇಸಿಗೆಯಲ್ಲಿ ಗೆರ್ಬರ್ಸೌ ಹೆಸರಿನಲ್ಲೇ ಓದಿನ ಕಾರ್ಯಕ್ರಮಗಳು ನಡೆಯುತ್ತವೆ. ರಾಕ್ ಹಾಡುಗಾರ ಉಡೋ ಲಿಂಡೆನ್‌ಬರ್ಗ್ ಹೆಸ್ಸೆಯ ಭಕ್ತ. ಅವರ ಪ್ರತಿಷ್ಠಾನ ಇದೇ ಊರಲ್ಲಿ ಎಳೆಯ ಸಂಗೀತಗಾರರಿಗೆ ಸ್ಪರ್ಧೆ ನಡೆಸಿದೆ.

ನನ್ನನ್ನು ಹೆಚ್ಚು ಸೆಳೆದದ್ದು ಸಂಘದ ಜೊತೆಜೊತೆಗೇ ಇರುವ ಇನ್ನೊಂದು ಸಂಸ್ಥೆ, ಅಲ್ಲಿಯ ಉಳಿತಾಯ ಬ್ಯಾಂಕು ಕಟ್ಟಿದ ಹೆಸ್ಸೆ ಪ್ರತಿಷ್ಠಾನ. ಅದು ಕೊಡುವ ಬಹುಮಾನ ದೊಡ್ಡ ಕಾದಂಬರಿಕಾರರಿಗಲ್ಲ, ಸಾಹಿತ್ಯ ಪತ್ರಿಕೆಗಳಿಗೆ ಮತ್ತು ಹೆಸ್ಸೆಯನ್ನು ಬೇರೆ ಭಾಷೆಗೆ ಕೊಂಡೊಯ್ದ ಅನುವಾದಕರಿಗೆ. ಜೊತೆಗೆ ಬರಹಗಾರರನ್ನೂ ಅನುವಾದಕರನ್ನೂ ಕೆಲವು ತಿಂಗಳು ಊರಿಗೆ ಕರೆದು, ಮನೆ ಕೊಟ್ಟು, ಕೆಲಸ ಮಾಡಲು ಬಿಡುತ್ತದೆ. ಒಂದು ಬ್ಯಾಂಕಿಗೆ ಅನುವಾದಕರ ನೆನಪಾದದ್ದು ಕಂಡು ನನ್ನಂಥವನಿಗೆ ಖುಷಿಯಾಗದೆ ಇರುತ್ತದೆಯೇ? ವಿನಿಮಯದ ನಿಜವಾದ ಕೂಲಿಯವರು ಅನುವಾದಕರು. ವೇದಿಕೆಯ ಮೇಲೆ ಹಾರ ಬೀಳುವುದು ಬೇರೆಯವರ ಕೊರಳಿಗೆ.

ಇಷ್ಟು ಜಮೆಯ ಬದಿಯಾಯಿತು. ಇನ್ನೊಂದು ಬದಿಗೆ ಬರಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೆಸ್ಸೆಯ ತಾಯಿ ಮರೀ ಹುಟ್ಟಿದ್ದು 1842ರಲ್ಲಿ, ಕೇರಳದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಹೆರ್ಮನ್ ಗುಂಡರ್ಟ್ 1836ರಲ್ಲಿ ಭಾರತಕ್ಕೆ ಬಂದವರು. ಬಾಸೆಲ್ ಮಿಷನ್ ಸೇರಿ 1838ರಲ್ಲಿ ಮಂಗಳೂರಿಗೆ, ಮರುವರ್ಷ ತಲಶ್ಶೇರಿಗೆ ಹೋದರು. 1847ರಲ್ಲಿ ಅಲ್ಲಿಂದ ಮಲಯಾಳದ ಮೊದಲ ಪತ್ರಿಕೆ ಹೊರಡಿಸಿದರು. ಮುಂದೆ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್ಸ್‌ಪೆಕ್ಟರ್ ಆದರು. ಅವರ ಮಲಯಾಳ ನಿಘಂಟು ಅಚ್ಚಾದದ್ದು 1872ರಲ್ಲಿ, ಆಗ ಅವರು ಕಲ್ವ್‌ನಲ್ಲಿ ಪ್ರಕಾಶನ ಸಂಸ್ಥೆಯೊಂದನ್ನು ನಡೆಸುತ್ತಿದ್ದರು. 1893ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ಹೆಸ್ಸೆಯ ತಂದೆ ಯೊಹಾನೆಸ್ ಕೂಡ ಕೆಲವು ವರ್ಷ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಿಷನರಿಯಾಗಿದ್ದವರು.

ಗುಂಡರ್ಟರ ಟ್ಯೂಬಿಂಗೆನ್ ಕಾಲದ ಗೆಳೆಯ ಹೆರ್ಮನ್ ಮೋಗ್ಲಿಂಗ್. ಅವರೂ 1836ರಲ್ಲೇ ಬಂದರು, ಮಂಗಳೂರಲ್ಲಿ ನಿಂತರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತೆಗೆದರು. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಹಳೆಯ ಕನ್ನಡ ಕಾವ್ಯಗಳನ್ನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು, ದಾಸರ ಪದಗಳನ್ನು ಸಂಗ್ರಹಿಸಿದರು. 1860ರಲ್ಲಿ, ಜರ್ಮನಿಗೆ ಮರಳುತ್ತಿದ್ದ ಆ ಹೊತ್ತಿನಲ್ಲಿ, ಜರ್ಮನ್ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ನಮ್ಮ ದಾಸರ ಹಾಡುಗಳ ಜರ್ಮನ್ ಅನುವಾದ ಅಚ್ಚಾಯಿತು. ಹೆಸ್ಸೆ ಹುಟ್ಟುವುದಕ್ಕೆ 17 ವರ್ಷ ಮೊದಲೇ ಕನ್ನಡದ ಹಾಡು ಜರ್ಮನ್ ಆಗಿತ್ತು ಎಂದಾಯಿತು.

ಇವರೆಲ್ಲ ಮತಪ್ರಚಾರಕ್ಕೆ ಬಂದವರು ಎಂಬುದನ್ನು ಮುಚ್ಚಿಡಬೇಕಿಲ್ಲ. ಕಲಿತ ಭಾಷೆಯನ್ನು ಮೊದಲು ಬಳಸಿದ್ದೇ ಉಪದೇಶಕ್ಕೆ. ಕಂಪನಿ ಸರಕಾರದ ನೆರಳಿನಲ್ಲಿ ನಡೆದ ಆ ವಹಿವಾಟಿನಲ್ಲಿ ಎರಡು ಕಡೆಯವರು ಸಮಾನರಾಗಿರಲಿಲ್ಲ. ಆದರೂ ಒಂದು ನಿಘಂಟು ಮಾಡಲು ಕೂತವನು ಎದುರಿನವನ ಬಾಯಿಂದ ಬರುವ ಪ್ರತಿ ಮಾತಿಗೂ ಕಿವಿ ಕೊಡಲೇಬೇಕು. ಗುಂಡರ್ಟ್, ಮೋಗ್ಲಿಂಗ್, ಆಮೇಲೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟು 1903ರಲ್ಲಿ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡ ಕಿಟೆಲ್, ಇವರು ಕಲಿಸಲು ಬಂದು ಬಹಳಷ್ಟು ಕಲಿತುಹೋದವರು.

ಹೆಸ್ಸೆ ಬೆಳೆದದ್ದು ಇಂಥ ಅಜ್ಜನ ಮನೆಯ ಬೆಳಕಿನಲ್ಲಿ. ಬಾಲ್ಯದ ಬಗ್ಗೆ ಬರೆದ ಒಂದು ಬರಹದಲ್ಲಿ ಅಜ್ಜನ ಗಾಜಿನ ಕಪಾಟಿನಲ್ಲಿದ್ದ ಭಾರತದ ಪುಟ್ಟ ದೇವರ ವಿಗ್ರಹವನ್ನೂ, ಅಜ್ಜನಿಗೆ ಬರುತ್ತಿದ್ದ ಹಲವು ಭಾಷೆಗಳನ್ನೂ ಅವನು ನೆನೆಯುತ್ತಾನೆ. ನನ್ನ ತಕರಾರು ಶುರುವಾಗುವುದು ಆ ಕಪಾಟಿನ ಹತ್ತಿರ. ಅಜ್ಜನ ಭಾರತಕ್ಕೆ ಊರುಗಳಿದ್ದವು, ಜಾತಿಗಳಿದ್ದವು, ಶಾಲೆ, ಅಚ್ಚುಕೂಟ, ವ್ಯಾಕರಣದ ಜಗಳ ಎಲ್ಲವೂ ಇದ್ದವು. ಮೊಮ್ಮಗನ ಭಾರತದಲ್ಲಿ ನದಿ, ಕಾಡು, ಸಮಣರು, ಬುದ್ಧ ಮಾತ್ರ ಉಳಿದರು. 1911ರಲ್ಲಿ ಅವನು ಹಡಗು ಹತ್ತಿ ಸಿಲೋನ್, ಸಿಂಗಪುರ, ಸುಮಾತ್ರ ನೋಡಿದ, ತಾಯಿ ಹುಟ್ಟಿದ ಊರಿಗೆ ಹೋಗಲೇ ಇಲ್ಲ. 1922ರಲ್ಲಿ ಬಂದ ‘ಸಿದ್ಧಾರ್ಥ’ ಕಾದಂಬರಿಯ ಭಾರತ ಹೆಚ್ಚಾಗಿ ಪುಸ್ತಕಗಳಿಂದ, ಅವನ ಒಳಗಿನ ಹುಡುಕಾಟದಿಂದ ಕಟ್ಟಿದ್ದು. ಅದು ಕಾದಂಬರಿಕಾರನ ಹಕ್ಕು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆ ಪುಸ್ತಕ ನನಗೆ ಇಷ್ಟ ಕೂಡ.

ಆದರೆ ಸಂಘ ಕಾದಂಬರಿಕಾರನಲ್ಲ. ‘ಪೂರ್ವ-ಪಶ್ಚಿಮಗಳ ಸೇತುವೆ’ ಎಂದು ಹೆಸ್ಸೆಯನ್ನು ಕೊಂಡಾಡುವಾಗ, ಆ ಸೇತುವೆಯ ಮೇಲೆ ಎರಡು ಕಡೆಯಿಂದಲೂ ಜನ ನಡೆದಿದ್ದಾರೆಯೇ ಎಂದು ಅದು ನೋಡಬೇಕು. ನನಗೆ ಕಾಣುವಂತೆ ಕಲ್ವ್ ಮಾಡುವುದು ಬಹುಮಟ್ಟಿಗೆ ರಫ್ತು. ಹೆಸ್ಸೆ ಎಷ್ಟು ಭಾಷೆಗೆ ಹೋದ, ಎಲ್ಲೆಲ್ಲಿ ಅವನನ್ನು ಓದುತ್ತಾರೆ ಎಂಬ ಲೆಕ್ಕ ಅಲ್ಲಿ ಚೊಕ್ಕವಾಗಿದೆ. ಆ ಭಾಷೆಗಳಿಂದ ಕಲ್ವ್‌ಗೆ ಏನು ಬಂತು ಎಂಬ ಕಾಲಂ ತೆಳುವಾಗಿದೆ. ಅನುವಾದಕರಿಗೆ ಬಹುಮಾನವಿದೆ ಎಂದೆನಲ್ಲ, ಅದೂ ಹೆಸ್ಸೆಯನ್ನು ಒಯ್ದವರಿಗೇ. ಗುಂಡರ್ಟರೂ ಅಲ್ಲಿ ಮುಖ್ಯವಾಗಿ ಒಬ್ಬ ಪ್ರಸಿದ್ಧನ ಅಜ್ಜ. ತಲಶ್ಶೇರಿಯಲ್ಲಾದರೆ ಹೆಸ್ಸೆಯೇ ಗುಂಡರ್ಟರ ಮೊಮ್ಮಗ! ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟರೆ ವಿನಿಮಯ ಶುರುವಾಗುತ್ತದೆ. ಒಂದನ್ನೇ ಹಿಡಿದರೆ ಅದು ಊರಿನ ಅಭಿಮಾನ ಮಾತ್ರ.

‘ಸಿದ್ಧಾರ್ಥ’ದಲ್ಲೇ ಇದಕ್ಕೊಂದು ಪಾಠವಿದೆ. ಸಿದ್ಧಾರ್ಥ ಕಾಮಸ್ವಾಮಿ ಎಂಬ ವರ್ತಕನ ಹತ್ತಿರ ವ್ಯಾಪಾರ ಕಲಿಯುವ ಭಾಗ ನಮ್ಮಂಥ ಲೆಕ್ಕದವರು ಎರಡು ಸಲ ಓದುವಂಥದ್ದು. ಒಮ್ಮೆ ಭತ್ತದ ಫಸಲು ಕೊಳ್ಳಲು ಅವನು ಒಂದು ಹಳ್ಳಿಗೆ ಹೋಗುತ್ತಾನೆ. ಹೋಗುವಷ್ಟರಲ್ಲಿ ಇನ್ನೊಬ್ಬ ವರ್ತಕ ಕೊಂಡಾಗಿದೆ. ಆದರೂ ಇವನು ಕೆಲವು ದಿನ ಅಲ್ಲೇ ಉಳಿದು, ರೈತರ ಜೊತೆ ಉಂಡು, ಮಕ್ಕಳಿಗೆ ಕಾಸು ಕೊಟ್ಟು, ಒಂದು ಮದುವೆಯನ್ನೂ ಮುಗಿಸಿ ಹಿಂದಿರುಗುತ್ತಾನೆ. ಕಾಮಸ್ವಾಮಿಗೆ ಸಿಟ್ಟು. ಸಿದ್ಧಾರ್ಥ ಹೇಳುವುದರ ಸಾರಾಂಶ ಇಷ್ಟು: ಕೋಪ ಮಾಡಿಕೊಂಡು ತಕ್ಷಣ ವಾಪಸ್ಸು ಬಂದಿದ್ದರೆ ಹಣವೂ ಕಾಲವೂ ನಿಜವಾಗಿ ನಷ್ಟವಾಗುತ್ತಿತ್ತು, ಈಗ ಆ ಊರಲ್ಲಿ ಗೆಳೆಯರಿದ್ದಾರೆ, ಮುಂದೆ ಹೋದರೆ ಬಾಗಿಲು ತೆರೆಯುತ್ತದೆ.

ಆಡಿಟರ್ ಆಗಿ ನಾನು ಕಾಮಸ್ವಾಮಿಯ ಪಕ್ಷ ವಹಿಸಬೇಕಿತ್ತು. ಆದರೆ ಸಾಹಿತ್ಯ ಸಂಘಗಳ ಮಟ್ಟಿಗೆ ಸಿದ್ಧಾರ್ಥನದೇ ಸರಿಯಾದ ಲೆಕ್ಕ. ಸರಕು ಮಾರುವುದಕ್ಕೆ ಹೋದವನು ಮಾರಿ ಬರುತ್ತಾನೆ. ಉಳಿದು ಉಣ್ಣುವವನಿಗೆ ಮಾತ್ರ ಆ ಊರಿನ ಮದುವೆ ನೋಡಲು ಸಿಗುತ್ತದೆ.

ಇದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ. ಕೆ. ವಿ. ಸುಬ್ಬಣ್ಣನವರು ಬರಹಗಾರರು, ಅದು ಅವರ ಹುಟ್ಟೂರು. ಆದರೂ ಆ ಸಂಸ್ಥೆ ಸುಬ್ಬಣ್ಣನವರ ಪುಸ್ತಕಗಳನ್ನು ಲೋಕಕ್ಕೆ ಹಂಚುವ ಕಚೇರಿಯಾಗಲಿಲ್ಲ. ಲೋಕವನ್ನು ಹೆಗ್ಗೋಡಿಗೆ ಕರೆದುಕೊಂಡಿತು. ಅಡಿಕೆ ತೋಟದ ನಡುವೆ ಜಗತ್ತಿನ ಸಿನಿಮಾ ತೋರಿಸಿತು, ಶೇಕ್ಸ್‌ಪಿಯರ್, ಬ್ರೆಕ್ಟ್‌ರನ್ನು ಕನ್ನಡದಲ್ಲಿ ಆಡಿತು, 1985ರಿಂದ ‘ತಿರುಗಾಟ’ ಕಟ್ಟಿ ಆ ನಾಟಕಗಳನ್ನು ಊರೂರಿಗೆ ಒಯ್ದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಗೌರವ ಸಿಕ್ಕಿದ್ದು ಈ ಬರಮಾಡಿಕೊಳ್ಳುವ ಗುಣಕ್ಕೆ. ಕುಪ್ಪಳಿಯನ್ನೂ ನೋಡಿ. ಕವಿಮನೆ ಪ್ರವಾಸಿಗರ ಜಾಗವಾಯಿತು ಎಂದು ಗೊಣಗುವವರಿದ್ದಾರೆ. ಆದರೆ ಕುವೆಂಪು ಹೆಸರಿನ ರಾಷ್ಟ್ರೀಯ ಪುರಸ್ಕಾರ ಬೇರೆ ಭಾರತೀಯ ಭಾಷೆಗಳ ಲೇಖಕರಿಗೆ ಸಲ್ಲುತ್ತದೆ. ನಮ್ಮ ಕವಿಯ ಹೆಸರಲ್ಲಿ ಇನ್ನೊಂದು ಭಾಷೆಯ ಲೇಖಕನನ್ನು ಮನೆಗೆ ಕರೆಯುವುದು, ಇದು ಕಲ್ವ್ ನಮ್ಮಿಂದ ಕಲಿಯಬಹುದಾದ ಸಂಗತಿ.

ಕಲ್ವ್‌ನ ತೆಳು ಕಾಲಂ ಬಗ್ಗೆ ಹೇಳಿ ನಮ್ಮದನ್ನು ಬಿಟ್ಟರೆ ಅದು ಪಕ್ಷಪಾತದ ಆಡಿಟ್. ಈ ಬಾಕಿಯಲ್ಲಿ ಮಲಯಾಳಿಗಳು ತಮ್ಮ ಪಾಲನ್ನು ಬಹಳಷ್ಟು ತೀರಿಸಿದ್ದಾರೆ. ಗುಂಡರ್ಟರ ಕಾಗದಪತ್ರಗಳು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿವೆ ಎಂದು ತಿಳಿದಮೇಲೆ ಅವರು ಸುಮ್ಮನೆ ಕೂರಲಿಲ್ಲ. 2015ರಲ್ಲಿ ಕೇರಳದ ಮಲಯಾಳ ವಿಶ್ವವಿದ್ಯಾಲಯದ ಜೊತೆ ಸೇರಿ ಅಲ್ಲಿ ಗುಂಡರ್ಟ್ ಪೀಠ ಶುರುವಾಯಿತು. 2018ರಲ್ಲಿ ಆ ಹಸ್ತಪ್ರತಿಗಳೂ ಹಳೆಯ ಪುಸ್ತಕಗಳೂ ಡಿಜಿಟಲ್ ಆಗಿ ಎಲ್ಲರಿಗೂ ತೆರೆದವು. ತಲಶ್ಶೇರಿಯಲ್ಲಿ ಗುಂಡರ್ಟರ ಬಂಗಲೆ ವಸ್ತುಸಂಗ್ರಹಾಲಯವಾಗಿದೆ. ಹೆಸ್ಸೆಯ ತಾಯಿಯ ಊರಿನವರು ಹೀಗೆ ಎರಡೂ ಕಡೆ ನಮೂದು ಮಾಡಿದರು.

ಕನ್ನಡದ ಕಡೆ ಏನೂ ಇಲ್ಲ ಎಂದಲ್ಲ. ಬೆಂಗಳೂರಿನಲ್ಲಿ ಕಿಟೆಲ್ ಪ್ರತಿಮೆ ಇದೆ. ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ ಕಾಲದ ಅಮೂಲ್ಯ ಮುದ್ರಣಗಳಿವೆ. ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬಿ. ಎ. ವಿವೇಕ ರೈ ಅವರು ಅತಿಥಿ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದ್ದಾರೆ, ಅಲ್ಲಿಯ ಹೈಡ್ರುನ್ ಬ್ರೂಕ್ನರ್ ತುಳುನಾಡಿನ ಪಾಡ್ದನಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಆದರೆ ಇದೆಲ್ಲ ಒಬ್ಬಿಬ್ಬರು ವಿದ್ವಾಂಸರ ಹೆಗಲ ಮೇಲೆ ನಿಂತ ಕೆಲಸ. ಜರ್ಮನಿಯಲ್ಲಿ ಈಗ ಇಷ್ಟೊಂದು ಕನ್ನಡಿಗರಿದ್ದೇವೆ. ಊರೂರಿಗೆ ಸಂಘಗಳಿವೆ, ಅವುಗಳ ನಿಯಮಾವಳಿಯಲ್ಲಿ ‘ಸಾಂಸ್ಕೃತಿಕ ವಿನಿಮಯ’ ಎಂದು ಬರೆದಿದೆ. ಆ ಹೆಗಲಿಗೆ ನಾವು ಎಷ್ಟು ಕೈ ಕೊಟ್ಟಿದ್ದೇವೆ?

ನಾನು ಲೆಕ್ಕ ನೋಡಿದ ಒಂದು ಕನ್ನಡ ಸಂಘದ ಪುಸ್ತಕ ಕಣ್ಣ ಮುಂದಿದೆ. ಲೆಕ್ಕ ಪೈಸೆಗೆ ಪೈಸೆ ತಾಳೆಯಾಗಿತ್ತು. ಸಭಾಂಗಣ, ಧ್ವನಿವರ್ಧಕ, ಹೋಳಿಗೆ ಊಟ, ಊರಿಂದ ಬರುವ ಗಾಯಕರ ವಿಮಾನದ ಖರ್ಚು, ಮಕ್ಕಳ ಬಹುಮಾನ, ಎಲ್ಲಕ್ಕೂ ರಸೀದಿ. ಅನುವಾದ ಎಂಬ ಶೀರ್ಷಿಕೆ ಇಲ್ಲ, ಪುಸ್ತಕ ಎಂಬುದೂ ಇಲ್ಲ. ರಾಜ್ಯೋತ್ಸವದ ದಿನ ಊರಿನ ಮೇಯರ್ ಬರುತ್ತಾರೆ, ಶಾಲು ಹೊದಿಸಿ ಪೇಟ ತೊಡಿಸುತ್ತೇವೆ, ಅವರು ‘ನಮಸ್ಕಾರ’ ಅನ್ನುತ್ತಾರೆ, ಚಪ್ಪಾಳೆ. ಮೇಯರ್ ಮನೆಗೆ ಹೋಗುವಾಗ ಕೈಯಲ್ಲಿ ಒಂದು ಹಣ್ಣಿನ ಬುಟ್ಟಿ ಇರುತ್ತದೆ. ಜರ್ಮನ್ ಭಾಷೆಯಲ್ಲಿ ಓದಬಹುದಾದ ಒಂದು ಕನ್ನಡ ಕತೆ ಇರುವುದಿಲ್ಲ. ಇದನ್ನು ಸಭೆಯಲ್ಲಿ ಎತ್ತಿದಾಗ ಹಿರಿಯರೊಬ್ಬರು ನಗುತ್ತಲೇ ಹೇಳಿದರು: “ಸಾರ್, ಊಟ ಚೆನ್ನಾಗಿದ್ರೆ ಜನ ಬರ್ತಾರೆ. ಕತೆ ಓದಿಸಿದ್ರೆ ಯಾರು ಬರ್ತಾರೆ?” ಅವರ ಮಾತು ಸುಳ್ಳಲ್ಲ. ಹೋಳಿಗೆಯೂ ಬೇಕು. ಊರು ಬಿಟ್ಟು ಬಂದವರಿಗೆ ಒಂದೆಡೆ ಕೂತು ಉಣ್ಣುವುದು ಸಣ್ಣ ಸಂಗತಿಯಲ್ಲ. ಅದನ್ನು ಸಹಭೋಜನ ಎಂದು ಕರೆಯೋಣ, ಸಂತೋಷವಾಗಿ ಖರ್ಚು ಹಾಕೋಣ. ವಿನಿಮಯ ಎಂಬ ತಲೆಬರಹದ ಕೆಳಗೆ ಹಾಕುವುದು ಮಾತ್ರ ಬೇಡ.

ಇದರಿಂದ ಯಾರಿಗೆ ಏನು ನಷ್ಟ ಎಂದು ಕೇಳಬಹುದು. ನಷ್ಟ ನಮ್ಮ ಮಕ್ಕಳಿಗೆ. ನನ್ನ ಮಗಳು ಇಲ್ಲಿಯ ಪ್ರೌಢಶಾಲೆಯಲ್ಲಿ ಹೆಸ್ಸೆಯ ಕಾದಂಬರಿ ಓದುತ್ತಾಳೆ. ಅವಳಿಗೆ ಜರ್ಮನ್ ಅಂದರೆ ಪುಸ್ತಕದ ಭಾಷೆ, ಚರ್ಚೆಯ ಭಾಷೆ. ಕನ್ನಡ ಅಂದರೆ ಅಜ್ಜಿಯ ಫೋನು, ಹಬ್ಬ, ಬೈಗುಳ. ಗುಂಡರ್ಟರ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪಾ, ಹೆಸ್ಸೆಯ ಅಜ್ಜನಿಗೆ ಕನ್ನಡ ಬರ್ತಿತ್ತಾ?” ಬರುತ್ತಿತ್ತು ಎಂದೆ. “ಮತ್ತೆ ಇದನ್ನ ನಮಗೆ ಶಾಲೇಲಿ ಯಾಕೆ ಹೇಳ್ಲಿಲ್ಲ?” ಹೇಳಬೇಕಾದವರು ಜರ್ಮನ್ ಮೇಷ್ಟ್ರು ಒಬ್ಬರೇ ಅಲ್ಲ, ನಾವೂ ಹೌದು. ಈ ದೇಶದ ಸಾಹಿತ್ಯ ಚರಿತ್ರೆಯ ಒಳಗೇ ಕನ್ನಡಕ್ಕೆ ಒಂದು ಕೋಣೆ ಇದೆ. ಅದರ ಬೀಗದ ಕೈ ನಮ್ಮ ಹತ್ತಿರವೂ ಇದೆ. ಅದನ್ನು ತೆರೆಯದಿದ್ದರೆ ಅವಳ ತಲೆಮಾರಿಗೆ ಕನ್ನಡ ಮನೆಯೊಳಗಿನ ಸದ್ದಾಗಿ ಉಳಿದು, ಮನೆ ಬದಲಾದಾಗ ನಿಂತುಹೋಗುತ್ತದೆ.

ಮಾಡಬಹುದಾದದ್ದು ದೊಡ್ಡದೇನಲ್ಲ, ಮೂರು ನಮೂದು ಸಾಕು. ಒಂದು, ನಮ್ಮ ಸಂಘಗಳು ವರ್ಷದ ಆಯವ್ಯಯದಲ್ಲಿ ಅನುವಾದಕ್ಕೆಂದು ಒಂದು ಸಾಲು ತೆರೆಯುವುದು, ವರ್ಷಕ್ಕೆ ಒಂದೇ ಸಣ್ಣಕತೆಯಾದರೂ ಕನ್ನಡದಿಂದ ನೇರವಾಗಿ ಜರ್ಮನ್‌ಗೆ ಬರುವಂತೆ ಅನುವಾದಕರಿಗೆ ಮರ್ಯಾದೆಯ ಸಂಭಾವನೆ ಕೊಡುವುದು. ಎರಡು, ಮೋಗ್ಲಿಂಗರ ದಾಸರ ಪದಗಳ ಜರ್ಮನ್ ಅನುವಾದವನ್ನು ಕನ್ನಡ ಮೂಲದ ಎದುರಿಗೆ ಅಚ್ಚು ಹಾಕಿ ಒಂದು ಪುಟ್ಟ ಪುಸ್ತಕ ಮಾಡುವುದು. ಮೂಲದ ಕೃತಿಸ್ವಾಮ್ಯ ಎಂದೋ ಮುಗಿದಿದೆ, ಖರ್ಚು ಒಂದು ಹಬ್ಬದ ಊಟಕ್ಕಿಂತ ಹೆಚ್ಚಾಗಲಾರದು. ಮೂರು, ಕಲ್ವ್‌ನ ಸಂಘದ ಬಾಗಿಲು ತಟ್ಟಿ, ಅಲ್ಲಿ ಉಳಿದು ಕೆಲಸ ಮಾಡುವ ಬರಹಗಾರರ ಸಾಲಿನಲ್ಲಿ ಕರಾವಳಿಯ ಒಬ್ಬ ಕನ್ನಡ ಅನುವಾದಕರಿಗೂ ಜಾಗ ಕೇಳುವುದು. ಬದಲಿಗೆ ಅವರ ಒಬ್ಬ ಲೇಖಕರಿಗೆ ಮಂಗಳೂರಿನಲ್ಲಿ ಜಾಗ ಕೊಡಿಸುವುದು. ಆಗ ತಲಶ್ಶೇರಿಯ ದಾರಿಯಲ್ಲೇ ನಾವೂ ಒಂದು ಹೆಜ್ಜೆ ಇಟ್ಟಂತಾಗುತ್ತದೆ.

ಜುಲೈ 1 ‘ಮಂಗಳೂರ ಸಮಾಚಾರ’ದ ದಿನ, ಜುಲೈ 2 ಹೆಸ್ಸೆಯ ಹುಟ್ಟುಹಬ್ಬ. ಕ್ಯಾಲೆಂಡರಿನಲ್ಲಿ ಎರಡೂ ಅಕ್ಕಪಕ್ಕದ ಮನೆ. ಒಂದು ಸಂಜೆ ಮೋಗ್ಲಿಂಗರ ಪತ್ರಿಕೆಯ ಒಂದು ಪುಟ ಜರ್ಮನ್‌ನಲ್ಲಿ, ಮರುದಿನ ಹೆಸ್ಸೆಯ ಒಂದು ಪುಟ ಕನ್ನಡದಲ್ಲಿ ಓದಿದರೆ ಎರಡು ದಿನದ ಕಾರ್ಯಕ್ರಮವಾಯಿತು. ನಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯ ವಿಷಯಪಟ್ಟಿಗೆ ಈ ಪ್ರಸ್ತಾಪವನ್ನು ಬರೆದು ಕೊಟ್ಟಿದ್ದೇನೆ, ಅಂದಾಜು ಖರ್ಚಿನ ಹಾಳೆಯನ್ನೂ ಲಗತ್ತಿಸಿದ್ದೇನೆ. ಊಟದ ಸಾಲನ್ನು ಕಡಿಮೆ ಮಾಡಿಲ್ಲ.